ಲೈನ್ ಅಂದ್ರೆ ನಮ್ಮ ಮನೆ

ಕಳೆದ ವಾರ ಏಳನೇ ಕ್ಲಾಸಿನ ಇಂಗ್ಲಿಷ್ ನೋಟ್‌ಬುಕ್ ತಿದ್ದುತ್ತಾ ಕೂತಿದ್ದೆ. 'ನನ್ನ ಮನೆ' ಅಂತ ಹತ್ತು ವಾಕ್ಯ ಬರೆಯಬೇಕಿತ್ತು. ಹೆಚ್ಚಿನ ಮಕ್ಕಳು ಗೈಡಿನಲ್ಲಿ ಇದ್ದದ್ದನ್ನೇ ಬರೆದಿದ್ದರು. ಮನೆ ಮುಂದೆ ಗಾರ್ಡನ್ ಇದೆ, ಮೂರು ಬೆಡ್‌ರೂಮ್ ಇದೆ, ನನ್ನ ಮನೆ ನನಗೆ ತುಂಬಾ ಇಷ್ಟ. ಅವರಲ್ಲಿ ಅರ್ಧ ಜನರ ಮನೆಯಲ್ಲಿ ಬೆಡ್‌ರೂಮ್ ಅಂತ ಬೇರೆ ಇಲ್ಲವೇ ಇಲ್ಲ ಅನ್ನೋದು ನನಗೆ ಗೊತ್ತು. ಒಬ್ಬ ಹುಡುಗ ಮಾತ್ರ ಗೈಡ್ ನೋಡಿರಲಿಲ್ಲ. ಅವನ ಅಪ್ಪ ಅಮ್ಮ ಅಸ್ಸಾಂನಿಂದ ಬಂದು ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ಕೆಲಸ ಮಾಡುತ್ತಾರೆ. ಅವನು ಬರೆದ ಮೊದಲ ವಾಕ್ಯ: 'ಐ ಲಿವ್ ಇನ್ ಎ ಲೈನ್.'

ನನ್ನ ಕೆಂಪು ಪೆನ್ನು ತಾನಾಗಿಯೇ ಹೋಗಿ 'ಲೈನ್' ಅನ್ನೋ ಪದದ ಕೆಳಗೆ ಗೆರೆ ಎಳೆಯಿತು. ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ ಮುಂದಿನ ಪುಸ್ತಕ ತೆಗೆದುಕೊಂಡೆ. ಇಪ್ಪತ್ತು ವರ್ಷದ ಅಭ್ಯಾಸ. ತಪ್ಪು ಕಂಡರೆ ಕೈ ಯೋಚನೆ ಮಾಡುವುದಿಲ್ಲ.

ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಅದು ಕಾಡಲು ಶುರುವಾಯಿತು. ಅದರಲ್ಲಿ ತಪ್ಪೇನಿದೆ? ಅವನು ಲೈನ್‌ನಲ್ಲೇ ಅಲ್ವಾ ಇರೋದು, ತೋಟದ ಕೆಲಸಗಾರರಿಗೆ ಕಟ್ಟಿದ ಸಾಲು ಮನೆಯಲ್ಲಿ? ನಾನೂ ಹುಟ್ಟಿ ಬೆಳೆದದ್ದು ಲೈನ್‌ನಲ್ಲೇ. ಹದಿನೇಳು ವರ್ಷ ಯಾರು ಕೇಳಿದರೂ 'ಲೈನ್‌ನಲ್ಲಿ ಇದ್ದೀವಿ' ಅಂತ ಹೇಳಿದವಳು ನಾನು. ಅದೇ ವಾಕ್ಯವನ್ನು ಒಬ್ಬ ಮಗು ಇಂಗ್ಲಿಷಿನಲ್ಲಿ ಬರೆದಾಗ ನನಗೆ ಅದು ತಪ್ಪಾಗಿ ಕಂಡದ್ದು ಯಾಕೆ? ಆಮೇಲೆ ನಾಲ್ಕು ದಿನ ಇದೊಂದೇ ಪದ ತಲೆಯಲ್ಲಿ ಸುತ್ತುತ್ತಿತ್ತು.

ಐದನೇ ಕ್ಲಾಸಿನ ಬೋರ್ಡು

ಆಗೆಲ್ಲ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ಕ್ಲಾಸಿನಲ್ಲಿ. ಒಂದನೇ ಕ್ಲಾಸಿನಿಂದಲೇ ಬಂದದ್ದು 2007ರ ನಂತರ. ಹಾಗಾಗಿ ನನ್ನ ಮೊದಲ ಇಂಗ್ಲಿಷ್ ಪಾಠ ನನಗೆ ಚೆನ್ನಾಗಿ ನೆನಪಿದೆ, ಆಗ ನನಗೆ ಹತ್ತು ವರ್ಷ. ಸುಂಟಿಕೊಪ್ಪದ ಹತ್ತಿರದ ಶಾಲೆ. ಜುಲೈ ತಿಂಗಳು ಇರಬೇಕು, ಹೊರಗೆ ಮಳೆ ಬಿಡದೆ ಹೊಡೆಯುತ್ತಿತ್ತು. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ಮೇಷ್ಟ್ರು ಕೂಗಿ ಪಾಠ ಮಾಡಬೇಕಿತ್ತು. ಅವರು ಮರದ ಸ್ಕೇಲು ಇಟ್ಟು ಬೋರ್ಡಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದರು. 'ದಿಸ್ ಈಸ್ ಎ ಲೈನ್' ಅಂದರು. ನಾವೆಲ್ಲ ಒಟ್ಟಿಗೆ ಹೇಳಬೇಕಿತ್ತು.

ನಾನು ಹೇಳಲಿಲ್ಲ. ಎದ್ದು ನಿಂತೆ. 'ಸಾರ್, ಲೈನ್ ಅಂದ್ರೆ ನಮ್ಮ ಮನೆ' ಅಂದೆ.

ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ಯಾಕಂದ್ರೆ ಅಲ್ಲಿ ಕೂತಿದ್ದ ಅರ್ಧ ಮಕ್ಕಳಿಗೆ ಲೈನ್ ಅಂದ್ರೆ ಮನೆಯೇ. ಮೇಷ್ಟ್ರು ಒಂದು ಗಳಿಗೆ ಸುಮ್ಮನೆ ನಿಂತರು. ಆಮೇಲೆ ಬೋರ್ಡಿನ ಮೇಲಿದ್ದ ಅದೇ ಗೆರೆಯ ಮೇಲೆ ಚಿಕ್ಕ ಚಿಕ್ಕ ಬಾಗಿಲು ಬರೆಯುತ್ತಾ ಹೋದರು. ಒಂದು, ಎರಡು, ಮೂರು, ಎಂಟು ಬಾಗಿಲು. ಮೇಲೆ ಒಂದೇ ಉದ್ದದ ಮಾಡು ಎಳೆದರು. 'ಹಿಂಗಿದೆಯಾ ನಿಮ್ಮ ಮನೆ?' ಅಂತ ಕೇಳಿದರು. ಹೌದು ಸಾರ್ ಅಂದೆ. 'ಮೊದಲು ಗೆರೆ, ಅದರ ಮೇಲೆ ಮನೆ. ಅದಕ್ಕೇ ಲೈನ್' ಅಂದರು. ಅವರಿಗೆ ತರಬೇತಿಯಲ್ಲಿ ಯಾರೂ ಇದನ್ನು ಕಲಿಸಿರಲಿಕ್ಕಿಲ್ಲ. ಅವರು ಮಾಡಿದ್ದು ಎಷ್ಟು ದೊಡ್ಡ ಕೆಲಸ ಅಂತ ನಾನೇ ಟೀಚರ್ ಆದ ಮೇಲೆ ನನಗೆ ಗೊತ್ತಾಯಿತು.

ಅವತ್ತು ಶಾಲೆ ಬಿಟ್ಟು ಮನೆಗೆ ಹೋಗುವಾಗ ನಾನು ಗುಡ್ಡದ ತಿರುವಿನಲ್ಲಿ ನಿಂತು ನಮ್ಮ ಲೈನನ್ನು ನೋಡಿದೆ. ಬಂಗಲೆಗೆ ಹೋಗುವ ದಾರಿ ಅದು. ಮೇಲಿನಿಂದ ನೋಡಿದರೆ ನಿಜವಾಗಿಯೂ ಒಂದು ಗೆರೆ. ಕೆಂಪು ಹೆಂಚಿನ ಉದ್ದ ಗೆರೆ, ಅದರ ಮೇಲೆ ಹೊಗೆ. ಕೆಳಗೆ ಇಳಿದು ಹೋದರೆ ಗೆರೆ ಕಾಣುವುದಿಲ್ಲ. ನಮ್ಮ ಬಾಗಿಲು ಕಾಣುತ್ತದೆ, ಜಗಲಿಯಲ್ಲಿ ಒಟ್ಟಿದ ಸೌದೆ ಕಾಣುತ್ತದೆ, ಪಕ್ಕದ ಮನೆಯ ಅಜ್ಜಿ ಕಾಣುತ್ತಾಳೆ. ಲೈನ್ ಅನ್ನೋ ಹೆಸರು ಕೊಟ್ಟವರು ಗುಡ್ಡದ ಮೇಲೆ ನಿಂತು ನೋಡಿದವರು. ಹತ್ತು ವರ್ಷದವಳಿಗೆ ಇದನ್ನು ಹೀಗೆ ಹೇಳಲು ಬರುತ್ತಿರಲಿಲ್ಲ. ಆದರೆ ಏನೋ ಹೊಳೆದಿತ್ತು. ಆ ತಿರುವಿನಲ್ಲಿ ತುಂಬಾ ಹೊತ್ತು ನೆನೆಯುತ್ತಾ ನಿಂತದ್ದಕ್ಕೆ ಅವ್ವನ ಕೈಲಿ ಬೈಸಿಕೊಂಡೆ.

ಒಂದು ಕೋಣೆ, ಹಿಂದೆ ಒಂದು ಅಡುಗೆಮನೆ, ಮುಂದೆ ಜಗಲಿ. ಮನೆ ಮನೆಯ ನಡುವಿನ ಗೋಡೆ ಮಾಡಿನವರೆಗೆ ಹೋಗಿರಲಿಲ್ಲ. ಮೇಲೆ ಜಾಗ ಬಿಟ್ಟಿತ್ತು. ಒಂದನೇ ಮನೆಯಲ್ಲಿ ಮಗು ಅತ್ತರೆ ನಾಲ್ಕನೇ ಮನೆಗೆ ಕೇಳುತ್ತಿತ್ತು. ಯಾರ ಮನೆಯಲ್ಲಿ ಒಣಮೀನು ಹುರಿಯುತ್ತಿದ್ದಾರೆ ಅಂತ ಎಂಟೂ ಮನೆಗೆ ಗೊತ್ತು. ನಲ್ಲಿ ಒಂದೇ, ಲೈನಿನ ಕೊನೆಯಲ್ಲಿ. ಜುಲೈ-ಆಗಸ್ಟಿನ ಕಕ್ಕಡದ ಮಳೆಯಲ್ಲಿ ಬಟ್ಟೆ ಒಣಗುತ್ತಿದ್ದದ್ದು ಒಲೆಯ ಮೇಲೆ ಕಟ್ಟಿದ ತಂತಿಯಲ್ಲಿ. ಹಾಗಾಗಿ ನಮ್ಮ ಯೂನಿಫಾರ್ಮಿಗೆ ಯಾವಾಗಲೂ ಹೊಗೆ ವಾಸನೆ. ಹೈಸ್ಕೂಲಿಗೆ ಬಂದ ಮೇಲೆ ಗೊತ್ತಾಯಿತು, ಆ ವಾಸನೆಯಿಂದಲೇ ಯಾರು ಲೈನ್ ಮಕ್ಕಳು ಅಂತ ಕಣ್ಣು ಮುಚ್ಚಿ ಹೇಳಬಹುದು ಅಂತ.

ಅಗಸೆ ನಾರಿನ ಪದ

ಇಂಗ್ಲಿಷ್ ಪದಗಳ ಮೂಲ ಹುಡುಕುವ ಅಭ್ಯಾಸ ನನಗೆ ಬಿ.ಎಡ್ ಮಾಡುವಾಗ ಹತ್ತಿದ್ದು. 'ಲೈನ್' ಪದವನ್ನು ಹುಡುಕಿದ್ದು ಮಾತ್ರ ಈ ವಾರವೇ. ಇಷ್ಟು ವರ್ಷ ಅದು ನನಗೆ ಹುಡುಕಬೇಕಾದ ಪದ ಅಂತ ಅನ್ನಿಸಿಯೇ ಇರಲಿಲ್ಲ. ಅದು ಮನೆಯ ಹೆಸರು ಅಲ್ವಾ.

ಅದರ ಬೇರು ಲ್ಯಾಟಿನ್ ಭಾಷೆಯ 'ಲೀನಮ್'. ಅಂದರೆ ಅಗಸೆ ಗಿಡ. ನಮ್ಮ ಶಾಲೆಯ ಗಣಿತದ ಟೀಚರ್ ವಿಜಯಪುರದವರು, ಊರಿಗೆ ಹೋಗಿ ಬಂದಾಗಲೆಲ್ಲ ಡಬ್ಬಿಯಲ್ಲಿ ಅಗಸೆ ಚಟ್ನಿಪುಡಿ ತರುತ್ತಾರೆ. ಅದೇ ಅಗಸೆ. ಆ ಗಿಡದ ಕಾಂಡದಿಂದ ನಾರು ತೆಗೆದು ನೂಲು ಮಾಡುತ್ತಿದ್ದರು. ಆ ನೂಲಿನ ಬಟ್ಟೆಯೇ ಲಿನೆನ್. ಆ ನೂಲಿಗೆ, ದಾರಕ್ಕೆ, ಲ್ಯಾಟಿನ್‌ನಲ್ಲಿ 'ಲಿನಿಯಾ' ಅಂದರು. ದಾರವನ್ನು ಎರಡು ಕಡೆ ಎಳೆದು ಹಿಡಿದರೆ ನೇರವಾಗಿ ನಿಲ್ಲುತ್ತದೆ. ಆ ನೇರಕ್ಕೂ ಅದೇ ಹೆಸರು ಬಂತು. ಹಾಗೆ ದಾರ ಇದ್ದದ್ದು ಗೆರೆ ಆಯಿತು. ಅಂದರೆ ಇವತ್ತು ನಾವು 'ಅಸಲು ಅರ್ಥ' ಅಂತ ಮಕ್ಕಳಿಗೆ ಕಲಿಸುವ ಗೆರೆ, ಆ ಪದದ ಮೊದಲ ಅರ್ಥ ಅಲ್ಲವೇ ಅಲ್ಲ. ಮೊದಲು ಕೈಯಲ್ಲಿ ಹಿಡಿಯುವ ದಾರ. ಬೋರ್ಡಿನ ಗೆರೆ ಆಮೇಲೆ ಬಂದದ್ದು.

ರವಿಕೆ ಹೊಲಿಸಲು ಕೊಟ್ಟಾಗ ಟೈಲರ್ ಕೇಳುತ್ತಾರಲ್ಲ, 'ಲೈನಿಂಗ್ ಹಾಕಬೇಕಾ?' ಅಂತ. ಅದೂ ಅಗಸೆಯೇ. ಮೊದಲು ಬಟ್ಟೆಯ ಒಳಗಡೆ ಲಿನೆನ್ ಬಟ್ಟೆ ಕೊಟ್ಟು ಹೊಲಿಯುತ್ತಿದ್ದರು, ಅದಕ್ಕೆ ಲೈನಿಂಗ್. ಈಗ ಒಳಗೆ ಕಾಟನ್ ಇರಲಿ ಪಾಲಿಸ್ಟರ್ ಇರಲಿ, ಹೆಸರು ಮಾತ್ರ ಉಳಿದುಕೊಂಡಿದೆ.

ನನಗೆ ಇದನ್ನು ಓದಿದ ತಕ್ಷಣ ನೆನಪಾದದ್ದು ಬೇರೆ ಲೈನಿಂಗ್. ತೋಟದವರಿಗೆಲ್ಲ ಗೊತ್ತಿರುವುದು. ಹೊಸದಾಗಿ ಕಾಫಿ ಗಿಡ ಹಾಕುವ ಮೊದಲು ಜಾಗದಲ್ಲಿ ಹಗ್ಗ ಎಳೆದು ಗುಂಡಿ ಎಲ್ಲಿ ಬರಬೇಕು ಅಂತ ಗುರುತು ಮಾಡುತ್ತಾರೆ. ಅರೇಬಿಕಾ ಆದರೆ ಗಿಡದಿಂದ ಗಿಡಕ್ಕೆ ಆರು ಅಡಿ, ರೋಬಸ್ಟಾಗೆ ಹತ್ತು ಅಡಿ, ಹೆಚ್ಚುಕಮ್ಮಿ ಅಷ್ಟು. ಹಗ್ಗದ ಮೇಲೆ ಅಷ್ಟಷ್ಟು ದೂರಕ್ಕೆ ಬಟ್ಟೆ ಚೂರು ಕಟ್ಟಿರುತ್ತಾರೆ. ಚೂರು ಬಂದ ಕಡೆ ಒಂದು ಗೂಟ. ಆಮೇಲೆ ಗೂಟ ಇದ್ದ ಕಡೆ ಒಂದೂವರೆ ಅಡಿಯ ಗುಂಡಿ. ಈ ಕೆಲಸಕ್ಕೆ ತೋಟದಲ್ಲಿ ಲೈನಿಂಗ್ ಅಂತಲೇ ಹೆಸರು.

ನಾನು ಎಂಟನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ಇದ್ದಾಗ ನಮ್ಮ ತೋಟದಲ್ಲಿ ಹಳೇ ಗಿಡ ಕಿತ್ತು ಹೊಸ ಗಿಡ ಹಾಕಲು ತಯಾರಿ ನಡೆದಿತ್ತು. ಅವ್ವನಿಗೆ ಹಗ್ಗ ಹಿಡಿಯುವ ಕೆಲಸ. ನಾನು ಬುತ್ತಿ ತೆಗೆದುಕೊಂಡು ಹೋಗಿದ್ದೆ. ಮೇಸ್ತ್ರಿ ಹಗ್ಗದ ಒಂದು ತುದಿ ಹಿಡಿದು ಗುಡ್ಡದ ಆ ಕಡೆ ಹೋದರು. ಈ ಕಡೆ ತುದಿ ಅವ್ವನ ಕೈಯಲ್ಲಿ. 'ಬಿಗಿ ಹಿಡಿ' ಅಂತ ಆ ಕಡೆಯಿಂದ ಕೂಗು. ಅವ್ವ ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು, ಹಿಂದಕ್ಕೆ ವಾಲಿ ನಿಂತಳು. ಜೋತು ಬಿದ್ದಿದ್ದ ಹಗ್ಗ ಒಂದೇ ಸಲಕ್ಕೆ ನೇರ ಆಯಿತು. ಅದರ ಮೇಲಿದ್ದ ಧೂಳು ಹಾರಿತು. ಆ ಸದ್ದು ಈಗಲೂ ಕಿವಿಯಲ್ಲಿದೆ, ಟಪ್ ಅಂತ. ಹತ್ತಿ ಹಿಂಜುವವರಿಗೂ ಮೀನು ಹಿಡಿಯುವವರಿಗೂ ಈ ಸದ್ದು ಗೊತ್ತಿರಬೇಕು. ಅವತ್ತು ಸಂಜೆ ಅವ್ವನ ಮುಂಗೈ ಮೇಲೆ ಹಗ್ಗದ ಕೆಂಪು ಗುರುತು ಇತ್ತು. ಎರಡು ಗೆರೆ.

ಸಾವಿರಾರು ವರ್ಷದ ಹಿಂದೆ ಯಾವುದೋ ದೇಶದಲ್ಲಿ ಜನ ಅಗಸೆ ದಾರ ಎಳೆದು ಹಿಡಿದು ಆ ಪದಕ್ಕೆ ಅರ್ಥ ಕೊಟ್ಟರು. ನಮ್ಮ ಅವ್ವ ಅದೇ ಕೆಲಸ ಮಾಡಿದಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಆ ಪದದ ಎಲ್ಲಕ್ಕಿಂತ ಹಳೇ ಅರ್ಥ ಗೊತ್ತಿದ್ದದ್ದು ನನಗಲ್ಲ, ಅವಳ ಕೈಗೆ.

ಗೆರೆ, ಸಾಲು, ತಂತಿ

ಟೀಚರ್ ಆಗಿ ನನಗೆ ಜಾಸ್ತಿ ಕಷ್ಟ ಕೊಡುವುದು ದೊಡ್ಡ ಪದಗಳಲ್ಲ. ದೊಡ್ಡ ಪದಕ್ಕೆ ಒಂದೇ ಅರ್ಥ, ಬಾಯಿಪಾಠ ಮಾಡಿಸಿದರೆ ಆಯಿತು. ಕಷ್ಟ ಇರುವುದು ಇಂಥ ನಾಲ್ಕಕ್ಷರದ ಪದಗಳಲ್ಲಿ. ಕನ್ನಡದಲ್ಲಿ ನಾವು ಹತ್ತು ಪದಕ್ಕೆ ಹಂಚಿಟ್ಟದ್ದನ್ನು ಇಂಗ್ಲಿಷ್ ಒಂದೇ ಪದದ ಮೇಲೆ ಹೊರಿಸಿರುತ್ತದೆ. ಕಾಗದದ ಮೇಲೆ ಎಳೆದರೆ ಗೆರೆ. ಗಣಿತದಲ್ಲಿ ರೇಖೆ. ಗಿಡ ನೆಟ್ಟರೆ ಸಾಲು. ಕರೆಂಟ್ ಹೋಗುವುದು ತಂತಿ. ಊಟಕ್ಕೆ ಕೂತರೆ ಪಂಕ್ತಿ. ವಂಶ ಬೇರೆ, ದಾರ ಬೇರೆ, ಗಡಿ ಬೇರೆ. ಇಂಗ್ಲಿಷಿನಲ್ಲಿ ಎಲ್ಲವೂ ಲೈನ್. ನಾಟಕದಲ್ಲಿ ನಟ ಹೇಳುವ ಮಾತು ಕೂಡ ಲೈನ್. ನಾಲ್ಕು ಮಾತು ಕಾಗದ ಬರೆದರೆ ಅದೂ ಲೈನ್. ಒಬ್ಬರು ಮಾಡುವ ಉದ್ಯೋಗವನ್ನೂ ಲೈನ್ ಅಂತಾರೆ.

ನಾವು ಕನ್ನಡದವರು ಆ ಪದವನ್ನು ತೆಗೆದುಕೊಂಡು ನಮಗೆ ಬೇಕಾದ ಹಾಗೆ ಬಳಸಿಕೊಂಡಿದ್ದೇವೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಕಟ್ ಆಗುತ್ತದೆ, ಲೈನ್‌ಮ್ಯಾನ್ ಬರಬೇಕು. ಫೋನಿನಲ್ಲಿ ಲೈನ್ ಸಿಗುವುದಿಲ್ಲ. ಊರೂರಿಗೆ ನಿಲ್ಲಿಸಿ ಹೋಗುವುದು ಲೈನ್ ಬಸ್. ಹುಡುಗರು ಹುಡುಗಿಯರಿಗೆ ಲೈನ್ ಹೊಡೆಯುತ್ತಾರೆ. ಈ ಬಳಕೆಗಳನ್ನೆಲ್ಲ ನಾನು ತಪ್ಪು ಅನ್ನುವುದಿಲ್ಲ. ಒಂದು ಪದ ಹೊಸ ಊರಿಗೆ ಬಂದರೆ ಹೊಸ ಕೆಲಸ ಮಾಡಲೇಬೇಕು.

ಆದರೆ ಇಂಗ್ಲಿಷಿನಲ್ಲೇ ಬರೆಯುವಾಗ ಆ ಭಾಷೆಯ ಬಳಕೆ ಗೊತ್ತಿರಬೇಕು. ನಾಮಪದವನ್ನು ಒಂಟಿಯಾಗಿ ಕಲಿಸಿದರೆ ಪ್ರಯೋಜನ ಇಲ್ಲ ಅಂತ ನನಗೆ ತಡವಾಗಿ ಗೊತ್ತಾಯಿತು. ಅದರ ಮುಂದೆ ಯಾವ ಚಿಕ್ಕ ಪದ ಬರುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನಮ್ಮಲ್ಲಿ ಪದದ ಕೊನೆಗೆ ವಿಭಕ್ತಿ ಹಚ್ಚುತ್ತೇವೆ. ಅಲ್ಲಿ ಆ ಕೆಲಸವನ್ನು ಮುಂದೆ ನಿಂತ ಪದ ಮಾಡುತ್ತದೆ. 'ಇನ್ ಲೈನ್' ಅಂದರೆ ಸಾಲಿನಲ್ಲಿ ನಿಂತಿರುವುದು, ಹೇಳಿದ ಹಾಗೆ ನಡೆಯುವುದು. 'ಔಟ್ ಆಫ್ ಲೈನ್' ಅಂದರೆ ಮಿತಿ ಮೀರಿದ್ದು. 'ಆನ್ ದ ಲೈನ್' ಅಂದರೆ ಫೋನಿನಲ್ಲಿ ಇರುವುದು. ಕೆಲಸವೋ ಮರ್ಯಾದೆಯೋ 'ಆನ್ ದ ಲೈನ್' ಇದೆ ಅಂದರೆ, ಅದು ಹೋಗಿಬಿಡುವ ಅಪಾಯದಲ್ಲಿದೆ ಅಂತ. ಅದೇ ಎರಡು ಪದವನ್ನು 'ದ' ಬಿಟ್ಟು ಒಟ್ಟಿಗೆ ಬರೆದರೆ ಆನ್‌ಲೈನ್, ಮಕ್ಕಳ ಮೊಬೈಲು. ಒಂದು 'ದ' ಇದ್ದರೆ ಬೇರೆ, ಇಲ್ಲದಿದ್ದರೆ ಬೇರೆ. ಮಕ್ಕಳಿಗೆ ಇದು ಮೊದಲು ಗಾಬರಿ ಹುಟ್ಟಿಸುತ್ತದೆ. ಆಮೇಲೆ ಆಟದ ಹಾಗೆ ಇಷ್ಟ ಆಗುತ್ತದೆ.

'ಡೆಡ್‌ಲೈನ್' ಅನ್ನೋ ಪದದ ಕತೆಯನ್ನು ನಾನು ಹತ್ತನೇ ಕ್ಲಾಸಿಗೆ ಮಾತ್ರ ಹೇಳುತ್ತೇನೆ. ಅಮೆರಿಕದ ಅಂತರ್ಯುದ್ಧದ ಸಮಯದಲ್ಲಿ, 1864ರಲ್ಲಿ, ಜಾರ್ಜಿಯಾದ ಆಂಡರ್ಸನ್‌ವಿಲ್ ಅನ್ನೋ ಕಡೆ ಯುದ್ಧ ಕೈದಿಗಳ ಶಿಬಿರ ಇತ್ತು. ಸುತ್ತಲೂ ಎತ್ತರದ ಮರದ ಗೋಡೆ. ಅದರ ಒಳಗೆ ಸ್ವಲ್ಪ ದೂರದಲ್ಲಿ ಸಾಧಾರಣ ಮರದ ಬೇಲಿ. ಅದೇ ಡೆಡ್‌ಲೈನ್. ಅದನ್ನು ದಾಟಿದ ಕೈದಿಗೆ, ಮುಟ್ಟಿದವನಿಗೂ, ಕಾವಲುಗಾರ ಗುಂಡು ಹೊಡೆಯುತ್ತಿದ್ದ. ಇವತ್ತು ನಾವು ಅದೇ ಪದವನ್ನು ಅರ್ಜಿ ಹಾಕುವ ಕೊನೇ ದಿನಕ್ಕೆ ಬಳಸುತ್ತೇವೆ. ಈ ಕತೆ ಕೇಳಿದ ವರ್ಷ ಒಬ್ಬಳು ಹುಡುಗಿ 'ಹಾಗಾದ್ರೆ ಆ ಪದ ಬಳಸಬಾರದಾ ಮಿಸ್?' ಅಂತ ಕೇಳಿದ್ದಳು. ಬಳಸು, ಆದರೆ ಗೊತ್ತಿರಲಿ ಅಂದಿದ್ದೆ. ನನಗೆ ಈಗಲೂ ಅದಕ್ಕಿಂತ ಒಳ್ಳೇ ಉತ್ತರ ಸಿಕ್ಕಿಲ್ಲ.

ಕೊಡಗಿನಲ್ಲಿ ಇನ್ನೊಂದು ಲೈನ್ ಎಲ್ಲರಿಗೂ ಗೊತ್ತು. ಗಡಿಯದು. ಶನಿವಾರಸಂತೆಯಲ್ಲಿ ಹುಟ್ಟಿದ ಕಾರ್ಯಪ್ಪನವರು 1949ರ ಜನವರಿಯಲ್ಲಿ ಸೇನೆಯ ಮುಖ್ಯಸ್ಥರಾದರು. ಅದೇ ವರ್ಷ ಕಾಶ್ಮೀರದಲ್ಲಿ ಕದನ ವಿರಾಮದ ಗೆರೆ ಎಳೆದರು. 1972ರ ಶಿಮ್ಲಾ ಒಪ್ಪಂದದ ನಂತರ ಅದಕ್ಕೆ ಗಡಿ ನಿಯಂತ್ರಣ ರೇಖೆ ಅಂತ ಹೆಸರು ಬಂತು. ಪತ್ರಿಕೆಯವರು ಆ ಲೈನನ್ನು ಕಾಳಜಿಯಿಂದ 'ರೇಖೆ' ಅಂತ ಕನ್ನಡ ಮಾಡಿದ್ದಾರೆ. ಅದೇ ಪತ್ರಿಕೆಯ ಜಿಲ್ಲಾ ಪುಟದಲ್ಲಿ 'ಲೈನ್ ಮನೆಯಲ್ಲಿ ಬೆಂಕಿ' ಅಂತ ಬಂದರೆ ಅಲ್ಲಿ ಲೈನ್ ಲೈನಾಗಿಯೇ ಇರುತ್ತದೆ. ಅದಕ್ಕೆ ಕನ್ನಡ ಪದ ಬೇಕು ಅಂತ ಯಾರಿಗೂ ಅನ್ನಿಸಿಲ್ಲ. ಸಾಲುಮನೆ ಅಂದರೆ ಎಷ್ಟು ಚೆನ್ನಾಗಿರುತ್ತಿತ್ತು. ಆದರೆ ಸಾಲುಮನೆ ಅಂದರೆ ಅದು ನಮ್ಮ ಮನೆ ಅಂತ ನನಗೇ ಅನ್ನಿಸುವುದಿಲ್ಲ. ಅಷ್ಟು ಹೊತ್ತಿಗೆ ಲೈನ್ ಅನ್ನುವುದೇ ಕನ್ನಡ ಆಗಿಬಿಟ್ಟಿತ್ತು.

ಲೈನ್ ಮನೆ, ರೋ ಹೌಸ್

ಇಂಗ್ಲಿಷಿನಲ್ಲಿ 'ಲೈನ್' ಬೇರೆ 'ರೋ' ಬೇರೆ ಅಂತ ನಾನು ಪಾಠ ಮಾಡುತ್ತೇನೆ. ಸಾಮಾನ್ಯವಾಗಿ ಒಬ್ಬರ ಹಿಂದೆ ಒಬ್ಬರು ನಿಂತರೆ ಲೈನ್. ರೇಷನ್ ಅಂಗಡಿ ಮುಂದೆ ನಿಲ್ಲುತ್ತೇವಲ್ಲ, ಹಾಗೆ. ಬ್ರಿಟಿಷರು ಅದಕ್ಕೆ ಕ್ಯೂ ಅಂತಾರೆ, ಅಮೆರಿಕದವರು ಲೈನ್ ಅಂತಾರೆ. ಅಕ್ಕಪಕ್ಕ ಭುಜಕ್ಕೆ ಭುಜ ತಾಗಿಸಿ ಕೂತರೆ ರೋ. ಬಸ್ಸಿನ ಸೀಟು, ಬಾಯಿಯ ಹಲ್ಲು. ಈ ಲೆಕ್ಕದಲ್ಲಿ ಗೋಡೆಗೆ ಗೋಡೆ ತಾಗಿ ನಿಂತ ನಮ್ಮ ಮನೆಗಳು ರೋ ಆಗಬೇಕಿತ್ತು, ಲೈನ್ ಅಲ್ಲ.

ಮೈಸೂರಿನಲ್ಲಿ ನನ್ನ ತಮ್ಮ ಬಾಡಿಗೆಗೆ ಇರುವ ಬಡಾವಣೆಯ ಹತ್ತಿರ ದೊಡ್ಡ ಬೋರ್ಡು ಇದೆ: ರೋ ಹೌಸ್‌ಗಳು ಮಾರಾಟಕ್ಕಿವೆ. ಒಂದೇ ಸಾಲು, ಒಂದಕ್ಕೊಂದು ಅಂಟಿದ ಗೋಡೆ, ಮುಂದೆ ಸ್ವಲ್ಪ ಜಾಗ. ಒಳಗೆ ಮಹಡಿ, ಕಾರು ನಿಲ್ಲಿಸಲು ಜಾಗ, ಬೆಲೆ ಕೋಟಿ ದಾಟಿದೆ. ಅಲ್ಲಿ ನಿಂತು ಆ ಮನೆಗಳ ಉದ್ದದ ಮಾಡನ್ನು ನೋಡಿದಾಗ ನನಗೆ ನಮ್ಮ ಗುಡ್ಡದ ತಿರುವು ನೆನಪಾಯಿತು. ನಿಲ್ಲಿಸಿದ ರೀತಿ ಒಂದೇ. ಒಂದು ರೋ, ಇನ್ನೊಂದು ಲೈನ್. ಅರ್ಥಕೋಶದಲ್ಲಿ ಎರಡಕ್ಕೂ 'ಸಾಲು' ಅಂತಲೇ ಇದೆ.

ನಮ್ಮ ಮನೆಗಳು ಲೈನ್ ಆದದ್ದು ಸೇನೆಯ ಭಾಷೆಯಿಂದ. ಬ್ರಿಟಿಷರ ಕಾಲದಲ್ಲಿ ಸಿಪಾಯಿಗಳು ಇರುತ್ತಿದ್ದ ಗುಡಿಸಲುಗಳ ಸಾಲಿಗೆ 'ಲೈನ್ಸ್' ಅನ್ನುತ್ತಿದ್ದರು. ಪೊಲೀಸ್ ಲೈನ್ ಅನ್ನೋ ಮಾತು ಇವತ್ತಿಗೂ ಉಳಿದಿದೆ. ಉತ್ತರದ ಊರುಗಳಲ್ಲಿ ಸಿವಿಲ್ ಲೈನ್ಸ್ ಅಂತ ಇರುತ್ತದೆ, ದೆಹಲಿಯಲ್ಲೂ ಇದೆ. ಅದು ಆಗಿನ ದೊಡ್ಡ ಅಧಿಕಾರಿಗಳ ಬಂಗಲೆಗಳಿದ್ದ ಜಾಗ. ಅಲ್ಲಿ ಅದೇ ಪದಕ್ಕೆ ಎಷ್ಟು ಗೌರವ! 1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋಯಿತು. 1850ರ ದಶಕದಲ್ಲಿ ಮಡಿಕೇರಿ ಸುತ್ತ ಯುರೋಪಿಯನ್ನರ ಕಾಫಿ ತೋಟಗಳು ಶುರುವಾದವು. ಸಿಪಾಯಿಗಳನ್ನು ಇಟ್ಟ ಹಾಗೆಯೇ ಕೂಲಿಯವರನ್ನೂ ಸಾಲಿನಲ್ಲಿ ಇಟ್ಟರು, ಅದೇ ಹೆಸರು ಕೊಟ್ಟರು. ಬೆಳಗ್ಗೆ ಬೆಲ್, ಮಸ್ಟರ್, ಹೆಸರು ಕೂಗುವುದು, ಎಲ್ಲ ಅಲ್ಲಿಂದಲೇ ಬಂದ ಹಾಗೆ ಕಾಣುತ್ತದೆ. ಸಿಲೋನಿನ ಟೀ ತೋಟಗಳಲ್ಲೂ ಹೀಗೇ. ಮುನ್ನಾರ್ ಕಡೆ ತಮಿಳು ಮಲಯಾಳಂ ಬಾಯಲ್ಲಿ ಲೈನ್ 'ಲಯಂ' ಆಗಿದೆ. 2020ರ ಆಗಸ್ಟ್‌ನಲ್ಲಿ ಪೆಟ್ಟಿಮುಡಿಯಲ್ಲಿ ಗುಡ್ಡ ಕುಸಿದು ಹೋದದ್ದು ಇಂಥ ಲಯಂಗಳೇ. ಎಪ್ಪತ್ತು ಜನ ಹೋದರು. ಆ ಸುದ್ದಿ ಟಿವಿಯಲ್ಲಿ ಬಂದಾಗ ಅವ್ವ ಊಟ ಬಿಟ್ಟು ಎದ್ದಳು. 'ನಮ್ ಲೈನ್ ಥರಾನೇ ಐತಲ್ಲ ಮಗಾ' ಅಂದಳು. ನಮ್ಮ ಜಿಲ್ಲೆಯಲ್ಲೇ ಗುಡ್ಡ ಕುಸಿದು ಆಗಿನ್ನೂ ಎರಡು ವರ್ಷವಾಗಿತ್ತು.

2025ರವರೆಗೆ ಜಾರಿಯಲ್ಲಿದ್ದ 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಪ್ರಕಾರ ತೋಟದ ಮಾಲೀಕರು ಕೆಲಸಗಾರರಿಗೆ ಮನೆ ಕೊಡಬೇಕಿತ್ತು. ಒಳ್ಳೇ ಕಾಯ್ದೆ. ಅದು ಇಲ್ಲದಿದ್ದರೆ ಎಷ್ಟೋ ಜನರಿಗೆ ಮಾಡೇ ಇರುತ್ತಿರಲಿಲ್ಲ. ಆದರೆ ಮನೆ ಕೆಲಸಕ್ಕೆ ಕಟ್ಟಿಕೊಂಡಿದೆ. ಇಂಗ್ಲಿಷಿನಲ್ಲಿ 'ಲೈನ್' ಅಂದರೆ ಉದ್ಯೋಗವೂ ಹೌದು ಅಂದೆನಲ್ಲ. ನಮಗೆ ಆ ಎರಡು ಅರ್ಥ ಬೇರೆ ಬೇರೆ ಇರಲೇ ಇಲ್ಲ. ಕೆಲಸ ಬಿಟ್ಟರೆ ಲೈನ್ ಬಿಡಬೇಕು. ನಾನು ಪಿಯುಸಿ ಎರಡನೇ ವರ್ಷದಲ್ಲಿ ಇದ್ದಾಗ ಅಪ್ಪ ಮರ ಕಸಿ ಮಾಡುವಾಗ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವಾಗ, ಸಿಲ್ವರ್ ಮರದಿಂದ ಬಿದ್ದರು. ಸೊಂಟಕ್ಕೆ ಪೆಟ್ಟಾಯಿತು. ಆರು ತಿಂಗಳು ಮಲಗಿದರು. ಅವ್ವ ಅವರನ್ನು ನೋಡಿಕೊಳ್ಳಬೇಕು, ದಿನಾ ಕೆಲಸಕ್ಕೆ ಹೋಗಲು ಆಗುತ್ತಿರಲಿಲ್ಲ. ಒಂದು ದಿನ ತೋಟದ ಲೆಕ್ಕ ಬರೆಯುವ ರೈಟರ್ ಬಂದು ಜಗಲಿಯಲ್ಲಿ ನಿಂತು, ಮುಂದಿನ ಕೊಯ್ಲಿಗೆ ಬೇರೆಯವರು ಬರುತ್ತಾರೆ, ಮನೆ ಬೇಕಾಗುತ್ತದೆ ಅಂದರು. ಮೆತ್ತಗೇ ಹೇಳಿದರು. ಅವರಿಗೂ ಬೇಜಾರಿತ್ತು. ಅವ್ವ ಏನೂ ಮಾತಾಡಲಿಲ್ಲ. ಅವರು ಹೋದ ಮೇಲೆ ಒಲೆಯ ಮೇಲಿನ ತಂತಿ ಬಿಚ್ಚಿ ಸುತ್ತಿಟ್ಟಳು. ಬಿಡುವುದಕ್ಕೆ ಇನ್ನೂ ಎರಡು ತಿಂಗಳಿತ್ತು. ಆದರೂ ಅದನ್ನೇ ಮೊದಲು ಬಿಚ್ಚಿದಳು.

ನಾವು ಪೈಸಾರಿ ಜಾಗದಲ್ಲಿ, ಅಂದರೆ ಸರ್ಕಾರದ ಜಾಗದಲ್ಲಿ, ಶೀಟ್ ಹಾಕಿಕೊಂಡೆವು. ಹಕ್ಕುಪತ್ರ ಸಿಗಲು ಹನ್ನೊಂದು ವರ್ಷ ಬೇಕಾಯಿತು. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತಾಗ ರಾಜ್ಯವೆಲ್ಲ ಮಾತಾಡಿತು. ಅವರಲ್ಲಿ ತುಂಬಾ ಜನ ಲೈನ್ ಮನೆ ಬಿಟ್ಟು ಬಂದವರು. ಅವರು ಕೇಳಿದ್ದು ಸ್ವಂತದ್ದು ಅನ್ನೋ ಸ್ವಲ್ಪ ನೆಲ. 'ಲೈನ್ ಬೇಡ, ಮನೆ ಬೇಕು' ಅನ್ನುವುದರ ಅರ್ಥ ಹೊರಗಿನವರಿಗೆ ಬೇಗ ಆಗಲಿಲ್ಲ. ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕೆಂಪು ಗೆರೆಯ ಮುಂದೆ

ಸೋಮವಾರ ಊಟದ ಬಿಡುವಿನಲ್ಲಿ ಆ ಹುಡುಗನನ್ನು ಕರೆದೆ. ಪುಸ್ತಕ ತೆರೆದು ಆ ಕೆಂಪು ಗೆರೆ ತೋರಿಸಿ, 'ಇದು ನಿನ್ನ ತಪ್ಪಲ್ಲ, ನಾನು ಅವಸರದಲ್ಲಿ ಎಳೆದದ್ದು' ಅಂದೆ. ಅವನಿಗೆ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ಟೀಚರ್ ಹೀಗೆ ಹೇಳುವುದನ್ನು ಅವನು ಕೇಳಿರಲಿಕ್ಕಿಲ್ಲ. 'ನಿನಗೆ ಲೈನ್ ಅನ್ನೋ ಪದ ಎಲ್ಲಿ ಸಿಕ್ತು? ಇಲ್ಲಿಗೆ ಬಂದ ಮೇಲಾ?' ಅಂತ ಕೇಳಿದೆ.

'ಇಲ್ಲ ಟೀಚರ್. ಊರಲ್ಲೂ ಲೈನೇ. ನಮ್ಮಜ್ಜಿ ಟೀ ತೋಟದಲ್ಲಿ ಇರೋದು. ಅಜ್ಜಿ ಮನೆನೂ ಲೈನ್.'

ಅಸ್ಸಾಂನ ಟೀ ತೋಟಗಳಲ್ಲಿ ಕೆಲಸಗಾರರ ಮನೆಗಳಿಗೆ ಲೇಬರ್ ಲೈನ್ ಅಂತ ಹೆಸರಿರುವುದನ್ನು ನಾನು ಎಲ್ಲೋ ಓದಿದ್ದೆ. ಆದರೆ ಓದಿದ್ದು ಬೇರೆ. ಹನ್ನೆರಡು ವರ್ಷದ ಹುಡುಗ ಎದುರಿಗೆ ನಿಂತು ಹೇಳುವುದು ಬೇರೆ. ಅವನ ಕನ್ನಡಕ್ಕೆ ಇನ್ನೂ ಮೂರು ವರ್ಷ. ಮನೆಯ ಮಾತು ಬೇರೆ, ಶಾಲೆಯ ಮಾತು ಬೇರೆ, ಪರೀಕ್ಷೆಯ ಮಾತು ಬೇರೆ. ಎಲ್ಲ ಕಡೆಯೂ ಅವನ ಜೊತೆ ಬಂದ ಒಂದೇ ಪದ ಲೈನ್. ಅವನಿಗೆ ಅದು ಇಂಗ್ಲಿಷ್ ಅಂತಲೂ ಗೊತ್ತಿರಲಿಲ್ಲ. ಅಜ್ಜಿಯ ಭಾಷೆಯ ಪದ ಅಂತಲೇ ಅಂದುಕೊಂಡಿದ್ದ.

ಸರಿಯಾದ ಬಳಕೆ ಹೇಳಿಕೊಡುವುದು ನನ್ನ ಕೆಲಸ. ಅದನ್ನು ಬಿಡುವ ಹಾಗಿಲ್ಲ. ಹೊರಗಿನವರು ಓದಿದರೆ ಅರ್ಥ ಆಗಬೇಕಲ್ಲ. ಅವನ ವಾಕ್ಯದಲ್ಲಿ ಪದ ಸರಿ ಇತ್ತು, ಅದರ ಅಕ್ಕಪಕ್ಕ ಮಾತ್ರ ಬದಲಾಗಬೇಕಿತ್ತು. ಇಂಗ್ಲಿಷಿನಲ್ಲಿ ಇದನ್ನು 'ಇನ್ ದ ಲೈನ್ಸ್' ಅಂತ ಬರೆಯುತ್ತಾರೆ, ಇಲ್ಲಾಂದ್ರೆ 'ಇನ್ ಎ ಲೈನ್ ಹೌಸ್' ಅಂತ ಬರೆದರೂ ಆಗುತ್ತದೆ ಅಂದೆ. ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಎರಡನ್ನೂ ಬರೆದು ತೋರಿಸಿದೆ. ಅವನು ತುಂಬಾ ಹೊತ್ತು ನೋಡಿದ.

'ಟೀಚರ್, ನಮ್ಮದು ಒಂದೇ ಲೈನ್ ಇರೋದು. ಕೊನೆಗೆ ಎಸ್ ಯಾಕೆ?'

ನಾನು ಸೇನೆಯ ಗುಡಿಸಲಿನ ಕತೆ ಹೇಳಿದೆ. ಅಲ್ಲಿ ಒಂದರ ಹಿಂದೆ ಒಂದು ತುಂಬಾ ಸಾಲು ಇರುತ್ತಿತ್ತು, ಹಾಗಾಗಿ ಬಹುವಚನ ಅಂಟಿಕೊಂಡಿತು ಅಂದೆ. ಅವನಿಗೆ ಅದು ಒಪ್ಪಿಗೆ ಆದ ಹಾಗೆ ಕಾಣಲಿಲ್ಲ. ಅವನ ಲೈನ್ ಒಂದೇ, ಅದನ್ನು ಅವನು ದಿನಾ ನೋಡುತ್ತಾನೆ. ಕೊನೆಗೆ 'ಲೈನ್ ಹೌಸ್' ಅನ್ನುವುದನ್ನೇ ಆರಿಸಿಕೊಂಡ. ಹತ್ತು ವಾಕ್ಯದಲ್ಲಿ ಅವನು ಮೂರು ಮಾತ್ರ ಬರೆದಿದ್ದ. ಉಳಿದ ಏಳನ್ನು ಗೈಡ್ ನೋಡದೆ ಬರೆದುಕೊಂಡು ಬಾ, 'ಏನೇನಿದೆಯೋ ಅದನ್ನೇ ಬರಿ' ಅಂತ ಹೇಳಿ ಕಳುಹಿಸಿದೆ.

ಇವತ್ತು ಬೆಳಗ್ಗೆ ಪುಸ್ತಕ ತಂದು ಮೇಜಿನ ಮೇಲೆ ಇಟ್ಟು ಹೋದ. ಈಗ ನನ್ನ ಮುಂದೆ ಇದೆ. ನಮ್ಮ ಲೈನಿಗೆ ಆರು ಬಾಗಿಲು. ಒಂದನೇ ಬಾಗಿಲಿನವರು ಮುರ್ಗಿ ಸಾಕುತ್ತಾರೆ. ಎರಡನೇ ಬಾಗಿಲಿನ ಆಂಟಿ ನನಗೆ ಕನ್ನಡ ಹೇಳಿಕೊಟ್ಟರು. ನಲ್ಲಿ ಕೊನೆಯಲ್ಲಿದೆ. ಎಲ್ಲ ಅವನದೇ ಇಂಗ್ಲಿಷಿನಲ್ಲಿ, ಒತ್ತಿ ಒತ್ತಿ ಬರೆದದ್ದು, ಹಿಂದಿನ ಹಾಳೆಯಲ್ಲೂ ಅಕ್ಷರ ಮೂಡಿದೆ. ಕೊನೇ ವಾಕ್ಯ: 'ಅವರ್ ಡೋರ್ ಈಸ್ ಫೋರ್.' ಅದು 'ಫೋರ್ತ್' ಆಗಬೇಕು. ನಾಳೆ ಎಲ್ಲರಿಗೂ ಒಟ್ಟಿಗೆ ಹೇಳಿಕೊಡುತ್ತೇನೆ, ಬೋರ್ಡಿನ ಮೇಲೆ ಗೆರೆ ಎಳೆದು, ಬಾಗಿಲು ಬರೆದು.